ನೀರು ಕುದಿದರೆ ಹೈಡ್ರೋಜನ್ ಬೇರೆಯಾಗುತ್ತಾ?

ಪ್ರಶ್ನೆ: ಸರ್, ನೀರು ಕುದಿಯುವಾಗ ಹೈಡ್ರೋಜನ್ ಬಾಂಡ್ ಮುರಿಯುತ್ತೆ ಅಂತ ಓದಿದ್ದೀವಿ. ಹಾಗಾದ್ರೆ ಗುಳ್ಳೆಯಲ್ಲಿ ಇರೋದು ಹೈಡ್ರೋಜನ್ನೇ ಅಲ್ವಾ?
(ಪಿಯುಸಿ ವಿದ್ಯಾರ್ಥಿನಿ, ಬಳ್ಳಾರಿ)

ಅಲ್ಲಮ್ಮ, ಅಲ್ಲ.

ಪರೀಕ್ಷೆ ಹತ್ತಿರ ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರು ಬೇರೆ, ಪ್ರಶ್ನೆ ಅದೇ. ಈ ಸಲ ಉದ್ದಕ್ಕೆ ಬರೆದಿಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆಲ್ಲ ಇದನ್ನೇ ಕಳಿಸುವುದು.

ನೀರಿನ ಒಂದು ಅಣುವಿನಲ್ಲಿ ಒಂದು ಆಕ್ಸಿಜನ್, ಎರಡು ಹೈಡ್ರೋಜನ್. ಆ ಮೂರನ್ನೂ ಕಟ್ಟಿರುವುದು ಕೋವೇಲೆಂಟ್ ಬಾಂಡ್, ಅಂದರೆ ಎಲೆಕ್ಟ್ರಾನ್ ಹಂಚಿಕೊಂಡು ಆಗುವ ಗಟ್ಟಿ ಬಂಧ. ಹೈಡ್ರೋಜನ್ ಬಾಂಡ್ ಇರುವುದು ಅಲ್ಲಿ ಅಲ್ಲ. ಅದು ಈ ಅಣುವಿಗೂ ಪಕ್ಕದ ಅಣುವಿಗೂ ನಡುವಿನ ಸೆಳೆತ. ಆಕ್ಸಿಜನ್ ಎಲೆಕ್ಟ್ರಾನ್‌ಗಳನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಹಾಗಾಗಿ ಹೈಡ್ರೋಜನ್ ಸ್ವಲ್ಪ ಪಾಸಿಟಿವ್ ಆಗುತ್ತದೆ, ಆಕ್ಸಿಜನ್ ಸ್ವಲ್ಪ ನೆಗೆಟಿವ್. ಈ ಅಣುವಿನ ಹೈಡ್ರೋಜನ್ ಪಕ್ಕದ ಅಣುವಿನ ಆಕ್ಸಿಜನ್ ಕಡೆ ವಾಲುತ್ತದೆ. ಅಷ್ಟೇ. ಕೋವೇಲೆಂಟ್ ಬಾಂಡ್ ಮುರಿಯಲು ಮೋಲ್‌ಗೆ (ಡಜನ್ ಇದ್ದ ಹಾಗೆ ಎಣಿಕೆಯ ಒಂದು ಅಳತೆ, ಆದರೆ ಬಹಳ ದೊಡ್ಡದು) ಸುಮಾರು 460 ಕಿಲೋಜೂಲ್ ಬೇಕು. ಹೈಡ್ರೋಜನ್ ಬಾಂಡ್‌ಗೆ 20ರ ಆಸುಪಾಸು ಸಾಕು.

ನಮ್ಮ ಬಳ್ಳಾರಿ ಕನಕದುರ್ಗಮ್ಮನ ಸಿಡಿಬಂಡಿ ಜಾತ್ರೆಯ ದಿನ ಆ ಗದ್ದಲದಲ್ಲಿ ಕೈ ಹಿಡಿದುಕೊಂಡು ಹೋದವರ ಕೈ ಬಿಟ್ಟುಹೋಗುತ್ತದೆ, ಒಬ್ಬೊಬ್ಬರು ಒಂದೊಂದು ಕಡೆ ಚದುರುತ್ತಾರೆ. ಆದರೆ ಯಾರ ತೋಳೂ ಕಿತ್ತುಬರುವುದಿಲ್ಲ. ಕುದಿಯುವಾಗ ಆಗುವುದೂ ಇಷ್ಟೇ. ಅಣುಗಳು ಒಂದನ್ನೊಂದು ಬಿಟ್ಟು ಹಾರುತ್ತವೆ. ಅಣು ಒಡೆಯುವುದಿಲ್ಲ.

ಇಷ್ಟು ಹೇಳಿದರೂ ಹಿಂದಿನ ಬೆಂಚಿನಿಂದ ಒಂದು ದನಿ ಬರುತ್ತದೆ: 'ಸ್ವಲ್ಪನಾದ್ರೂ ಒಡೆಯುತ್ತಲ್ವಾ ಸರ್?' ಸರಿ, ಲೆಕ್ಕ ಹಾಕೋಣ.

ಕುದಿಯುತ್ತಿರುವ ಒಂದು ಲೀಟರ್ ನೀರನ್ನು ಪೂರ್ತಿ ಆವಿ ಮಾಡಲು ಸುಮಾರು 2,260 ಕಿಲೋಜೂಲ್ ಬೇಕು. ಶಾಖ ಎಲ್ಲೂ ಪೋಲಾಗದಿದ್ದರೆ 50 ಗ್ರಾಂ ಅಡುಗೆ ಗ್ಯಾಸ್ ಸಾಕು. ಅದೇ ನೀರಿನ ಒಂದೊಂದು ಅಣುವನ್ನೂ ಒಡೆದು ಬಿಡಿ ಪರಮಾಣು ಮಾಡಬೇಕೆಂದರೆ 51,000 ಕಿಲೋಜೂಲ್ ಹತ್ತಿರ ಬೇಕು. ಅಂದರೆ ಒಂದು ಕೆಜಿಗೂ ಜಾಸ್ತಿ ಗ್ಯಾಸ್. ಮನೆಯ 14.2 ಕೆಜಿ ಸಿಲಿಂಡರ್ ಒಂದು ಕೊಡ ನೀರಿಗೇ ಮುಗಿದುಹೋಗುತ್ತಿತ್ತು!

ಖರ್ಚು ಬಿಡಿ, ಅಪಾಯ ನೋಡಿ. ಹೈಡ್ರೋಜನ್, ಆಕ್ಸಿಜನ್ ಎರಡಕ್ಕೆ ಒಂದರಂತೆ ಬೆರೆತ ಗಾಳಿ ಒಂದು ಕಿಡಿಗೆ ಢಮಾರ್ ಎನ್ನುತ್ತದೆ. ಚಹಾಕ್ಕೆ ನೀರಿಟ್ಟ ಅಡುಗೆಮನೆಯಲ್ಲಿ ಕೆಳಗೇ ಬೆಂಕಿ, ಮೇಲೇ ಗುಳ್ಳೆ. ನಿಮ್ಮ ಮಾತು ನಿಜವಾಗಿದ್ದರೆ ನಮ್ಮ ಊರಲ್ಲಿ ಒಂದು ಮನೆಯೂ ಉಳಿಯುತ್ತಿರಲಿಲ್ಲ.

ಇನ್ನೂ ಅನುಮಾನವೇ? ಕುಡತಿನಿ ಕಡೆ ಹೋಗುವಾಗ ಥರ್ಮಲ್ ಸ್ಟೇಷನ್ ನೋಡಿದ್ದೀರಲ್ಲ. ಅಲ್ಲಿನ ಬಾಯ್ಲರ್‌ನಿಂದ ಟರ್ಬೈನ್‌ಗೆ ಹೋಗುವ ಹಬೆ 500 ಡಿಗ್ರಿಗೂ ಜಾಸ್ತಿ ಬಿಸಿ. ಆಗಲೂ ಅದು ನೀರೇ. ಟರ್ಬೈನ್ ತಿರುಗಿಸಿದ ಮೇಲೆ ಕಂಡೆನ್ಸರ್‌ನಲ್ಲಿ ತಣ್ಣಗಾಗಿ ಮತ್ತೆ ನೀರಾಗುತ್ತದೆ, ಮತ್ತೆ ಬಾಯ್ಲರ್ ಸೇರುತ್ತದೆ. ಒಡೆದುಹೋಗಿದ್ದರೆ ವಾಪಸ್ ಬರುವುದಾದರೂ ಏನು? 2,200 ಡಿಗ್ರಿಗೆ ಕಾಯಿಸಿದರೂ ಒಡೆಯುವುದು ನೂರಕ್ಕೆ ಮೂರು ಅಣುವಿನಷ್ಟು. ನಿಮ್ಮ ಸ್ಟವ್ ಮೇಲಿನ ಪಾತ್ರೆಯ ನೀರು 100 ಡಿಗ್ರಿ ದಾಟುವುದಿಲ್ಲ.

ಹಾಗಾದರೆ ಗುಳ್ಳೆಯಲ್ಲಿ ಇರುವುದೇನು? ಮೊದಮೊದಲು ಪಾತ್ರೆಯ ತಳಕ್ಕೆ ಅಂಟಿಕೊಂಡು ಕಾಣುವ ಸಣ್ಣ ಗುಳ್ಳೆಗಳಲ್ಲಿ ನೀರಿನಲ್ಲಿ ಕರಗಿದ್ದ ಗಾಳಿ. ಆಮೇಲೆ ಕೊತಕೊತ ಏಳುವ ದೊಡ್ಡ ಗುಳ್ಳೆಗಳಲ್ಲಿ ಬರೀ ನೀರಾವಿ. ಮೇಲೊಂದು ತಟ್ಟೆ ಮುಚ್ಚಿ, ಆಮೇಲೆ ತೆಗೆದು ನೋಡಿ. ಒಳಮೈಯೆಲ್ಲ ಹನಿ.

ಇಷ್ಟು ಬೈದ ಮೇಲೆ ಹೈಡ್ರೋಜನ್ ಬಾಂಡ್ ಅಂದರೆ ದುರ್ಬಲ, ಲೆಕ್ಕಕ್ಕಿಲ್ಲ ಅಂತ ಬರೆದು ಬಂದೀರಿ, ಹುಷಾರು. ಎಲ್ಲ ಅಣುಗಳ ನಡುವೆಯೂ ಒಂದು ಸಣ್ಣ ಸೆಳೆತ ಇದ್ದೇ ಇರುತ್ತದೆ. ಅದು ಲಂಡನ್ ಬಲ. ಮೀಥೇನ್‌ಗೆ ಇರುವುದು ಅದೊಂದೇ, ಅದಕ್ಕೇ ಅದು ಮೈನಸ್ 161 ಡಿಗ್ರಿಯಲ್ಲೇ ಕುದಿಯುತ್ತದೆ. ನೀರಿನ ಅಣುವೂ ಹೆಚ್ಚುಕಡಿಮೆ ಅಷ್ಟೇ ತೂಕದ್ದು. ಗಂಧಕದ ಹೈಡ್ರೋಜನ್ ಸಲ್ಫೈಡ್ ನೀರಿಗಿಂತ ಭಾರ, ಆದರೂ ಕುದಿಯುವುದು ಮೈನಸ್ 60ರಲ್ಲಿ. ನೀರು ಮಾತ್ರ 100ರ ತನಕ ತಡೆಯುತ್ತದೆ. ಈ 'ದುರ್ಬಲ' ಬಾಂಡ್ ಇಲ್ಲದಿದ್ದರೆ ತುಂಗಭದ್ರೆಯಲ್ಲಿ ಒಂದು ಹನಿ ನೀರು ಇರುತ್ತಿರಲಿಲ್ಲ. ಒಂದೊಂದು ಬಾಂಡ್ ಸೆಕೆಂಡಿನ ಲಕ್ಷ ಕೋಟಿಯ ಒಂದು ಭಾಗದಷ್ಟು ಹೊತ್ತು ಇದ್ದು ಬಿಟ್ಟುಹೋಗುತ್ತದೆ, ತಕ್ಷಣ ಇನ್ನೊಂದು ಹುಟ್ಟುತ್ತದೆ. ಬಲ ಇರುವುದು ಸಂಖ್ಯೆಯಲ್ಲಿ.

ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಬಳ್ಳಾರಿಯಲ್ಲಿದ್ದು ಜೀನ್ಸ್ ವಿಷಯ ಬಿಟ್ಟರೆ ಹೇಗೆ? ಜೀನ್ಸ್ ಅಂದರೆ ಹತ್ತಿ, ಹತ್ತಿ ಅಂದರೆ ಸೆಲ್ಯುಲೋಸ್. ಸಾವಿರಾರು ಗ್ಲೂಕೋಸ್ ಸಾಲಾಗಿ ಪೋಣಿಸಿಕೊಂಡ ಉದ್ದ ಸರಪಳಿ. ಅದರ ಮೈತುಂಬ ಓಎಚ್ ಗುಂಪುಗಳು, ಅಂದರೆ ಆಕ್ಸಿಜನ್-ಹೈಡ್ರೋಜನ್ ಜೋಡಿಗಳು. ಪಕ್ಕಪಕ್ಕದ ಸರಪಳಿಗಳು ಹೈಡ್ರೋಜನ್ ಬಾಂಡ್‌ನಿಂದಲೇ ಕೂಡಿಕೊಂಡಿವೆ. ಸಕ್ಕರೆಗೂ ಇದೇ ಓಎಚ್ ಇದೆ, ಆದರೆ ಅದರ ಅಣು ಚಿಕ್ಕದು. ನೀರು ಸುತ್ತುವರಿದು ಎತ್ತಿಕೊಂಡು ಹೋಗುತ್ತದೆ. ಸೆಲ್ಯುಲೋಸ್ ಸರಪಳಿಗಳು ಒತ್ತೊತ್ತಾಗಿ ಜೋಡಿಸಿಕೊಂಡಿರುತ್ತವೆ, ನೀರಿಗೆ ಅವನ್ನು ಬಿಡಿಸಲು ಆಗುವುದಿಲ್ಲ. ಅದಕ್ಕೇ ಪ್ಯಾಂಟ್ ಒಗೆದಾಗ ಕರಗುವುದಿಲ್ಲ. ನೀರನ್ನು ಹೀರಿಕೊಂಡು ಮಣಭಾರ ಆಗುತ್ತದೆ ಅಷ್ಟೇ.

ಸುಕ್ಕು ಬೀಳುವುದೂ ಇದರಿಂದಲೇ. ಬೆವರಿನ ತೇವ ಸರಪಳಿಗಳ ನಡುವೆ ನುಗ್ಗಿ ಹಳೇ ಬಾಂಡ್‌ಗಳನ್ನು ಸಡಿಲ ಮಾಡುತ್ತದೆ. ಬಟ್ಟೆ ಮುದುಡಿದ ಹಾಗೇ ಒಣಗಿದರೆ ಹೊಸ ಬಾಂಡ್‌ಗಳು ಆ ಮಡಿಕೆಯಲ್ಲೇ ಕೂರುತ್ತವೆ. ಇಸ್ತ್ರಿಯವನು ನೀರು ಚಿಮುಕಿಸಿ ಪೆಟ್ಟಿಗೆ ಉಜ್ಜುವುದು ಇದಕ್ಕೇ. ನೀರೂ ಬಿಸಿಯೂ ಸೇರಿ ಬಾಂಡ್ ಬಿಡಿಸುತ್ತವೆ, ಭಾರ ಬಟ್ಟೆಯನ್ನು ಚಪ್ಪಟೆ ಮಾಡುತ್ತದೆ, ಒಣಗುವಾಗ ಹೊಸ ಬಾಂಡ್ ನೆಟ್ಟಗೆ ಕೂರುತ್ತದೆ. ಪಾಲಿಯೆಸ್ಟರ್‌ನಲ್ಲಿ ಈ ಓಎಚ್ ಗುಂಪುಗಳ ಸಾಲು ಇಲ್ಲ. ಅದಕ್ಕೆ ಬೆವರು ಹೀರುವುದೂ ಕಡಿಮೆ, ಸುಕ್ಕೂ ಕಡಿಮೆ.

ಇಸ್ತ್ರಿ ಆದ ಹತ್ತಿ ಅಂಗಿಯನ್ನು ಬಿಸಿ ಆರುವ ಮೊದಲೇ ಹಾಕಿಕೊಂಡು ಬಸ್ ಹತ್ತಬೇಡಿ. ಒಳಗೆ ಇನ್ನೂ ಹಸಿ ಇರುತ್ತದೆ. ಸೀಟಿಗೆ ಒರಗಿದ ಕಡೆಯೆಲ್ಲ ಮತ್ತೆ ಮಡಿಕೆ ಕೂರುತ್ತದೆ. ಸ್ವಲ್ಪ ಹೊತ್ತು ಹ್ಯಾಂಗರ್‌ಗೆ ಹಾಕಿಡಿ.