ಕಣ್ಣಿನ ಒತ್ತಡ: ಒತ್ತಿದರೆ ಇಳಿಯುತ್ತಾ?

ಮನೆಯ ವಾಟ್ಸಾಪ್ ಗುಂಪಿಗೆ ಮತ್ತೆ ಬಂತು: ‘ಆಸ್ಟಿಯೋಪತಿಯಿಂದ ಕಣ್ಣಿನ ಒತ್ತಡ ಮಾಯ!’ ಆಸ್ಟಿಯೋಪತಿ ಅಂದರೆ ಮೂಳೆ, ಸ್ನಾಯುಗಳನ್ನು ಕೈಯಿಂದ ಒತ್ತಿ, ಸರಿಸಿ ಮಾಡುವ ಚಿಕಿತ್ಸೆ. ಜೊತೆಗೆ ಯಾರೋ ಒಬ್ಬರು ಕುತ್ತಿಗೆ ಹಿಡಿಸಿಕೊಂಡು ಮಲಗಿರುವ ಫೋಟೋ. ಅಣ್ಣನ ಮಗ ತಕ್ಷಣ ಬರೆದ, ‘ಸೂಪರ್, ಲ್ಯಾಪ್‌ಟಾಪ್ ನೋಡಿ ನೋಡಿ ನಂಗೂ ಕಣ್ಣಿಗೆ ಒತ್ತಡ ಜಾಸ್ತಿ ಆಗಿದೆ.’ ಐದು ನಿಮಿಷ ಬಿಟ್ಟು ಚಿಕ್ಕಮ್ಮ, ‘ಹಾಗಾದ್ರೆ ನನ್ನ ಡ್ರಾಪ್ಸ್ ನಿಲ್ಲಿಸಬಹುದಾ?’

ಇಬ್ಬರೂ ಓದಿದ್ದು ಒಂದೇ ಪದ. ಹುಡುಗನದು ಕಣ್ಣಿನ ದಣಿವು. ಚಿಕ್ಕಮ್ಮನದು ಗ್ಲಾಕೋಮಾ, ದೃಷ್ಟಿನರ ಮೆಲ್ಲಗೆ ಹಾಳಾಗುವ ಕಾಯಿಲೆ; ಡ್ರಾಪ್ಸ್ ಹಾಕುವುದು ಕಣ್ಣೊಳಗಿನ ಒತ್ತಡ ಇಳಿಸಲು. ಈ ಎರಡನ್ನೂ ಒಂದೇ ಚೀಲಕ್ಕೆ ತುಂಬುವುದನ್ನು ನೋಡಿ ನೋಡಿ ನನಗಂತೂ ಸಾಕಾಗಿದೆ.

ತಪ್ಪು ಪೂರ್ತಿ ಓದುಗರದ್ದಲ್ಲ ಬಿಡಿ. ನಮ್ಮ ‘ಒತ್ತು’ ಎಲ್ಲ ಕೆಲಸಕ್ಕೂ ಒಗ್ಗುವ ಪದ. ಶಾವಿಗೆ ಒತ್ತುತ್ತೇವೆ, ಮುದ್ರೆ ಒತ್ತುತ್ತೇವೆ, ಲಿಫ್ಟಿನ ಗುಂಡಿ ಒತ್ತುತ್ತೇವೆ. ಅಕ್ಷರದ ಕೆಳಗೆ ಇನ್ನೊಂದು ಅಕ್ಷರ ಕೂರಿಸಿದರೆ ಅದೂ ಒತ್ತು. ಪಕ್ಕದವನ ಜಮೀನಿನೊಳಗೆ ಬೇಲಿ ಸರಿಸಿದರೆ ಒತ್ತುವರಿ. ಬೇಡ ಅಂದರೂ ಎಲೆಗೆ ಇನ್ನೊಂದು ಹೋಳಿಗೆ ಹಾಕಿದರೆ ಒತ್ತಾಯ. ತಡೆದಷ್ಟೂ ಬರುವ ಅಳು ಒತ್ತರಿಸಿ ಬರುತ್ತದೆ. ಅಜ್ಜಿಯ ಕಾಲು ಒತ್ತಿದರೆ ಅದು ಸೇವೆ. ಈಗಿನ ಮಾತಲ್ಲಿ ಮಸಾಜ್. ಒತ್ತಡವೂ ಇದೇ ಮನೆಯ ಕೂಸು. ಇಂಗ್ಲಿಷಿನವರು ಪ್ರೆಶರ್, ಸ್ಟ್ರೆಸ್, ಸ್ಟ್ರೇನ್ ಅಂತ ಬೇರೆ ಬೇರೆ ಡಬ್ಬಿಯಲ್ಲಿ ಇಟ್ಟದ್ದನ್ನೆಲ್ಲ ನಾವು ಈ ಒಂದೇ ಡಬ್ಬಿಗೆ ಸುರಿದಿದ್ದೇವೆ. ರಕ್ತದೊತ್ತಡ, ಕೆಲಸದ ಒತ್ತಡ, ರಾಜಕೀಯ ಒತ್ತಡ, ಈಗ ಕಣ್ಣಿನ ಒತ್ತಡ. ‘ಕುತ್ತಿಗೆ ಒತ್ತಿದರೆ ಕಣ್ಣಿನ ಒತ್ತಡ ಇಳಿಯುತ್ತೆ’ ಅನ್ನುವುದು ಕನ್ನಡದಲ್ಲಿ ಗಾದೆಯ ಹಾಗೆ ಕೇಳಿಸುತ್ತದೆ. ಕೇಳೋಕೆ ಚೆನ್ನಾಗಿದೆ ಅಂತ ನಿಜ ಆಗಿಬಿಡುತ್ತಾ?

ಕಣ್ಣಿನ ಡಾಕ್ಟರು ಪ್ರೆಶರ್ ಅಂದಾಗ ಹೇಳುವುದು ಅಳೆಯಬಹುದಾದ ಒಂದು ಸಂಗತಿಯನ್ನು. ಕಣ್ಣಿನ ಮುಂಭಾಗದಲ್ಲಿ ತಿಳಿನೀರಿನಂಥ ದ್ರವ ಸದಾ ಹುಟ್ಟುತ್ತಿರುತ್ತದೆ. ಇದು ಕಣ್ಣೀರಲ್ಲ, ಕಣ್ಣೀರು ಹೊರಗಿನದು, ಇದು ಒಳಗಿನದು. ನಿಮಿಷಕ್ಕೆ ಎರಡರಿಂದ ಮೂರು ಮೈಕ್ರೋಲೀಟರ್, ಅಂದರೆ ಒಂದು ಮಿಲಿಲೀಟರ್ ಆಗಲು ಆರೇಳು ಗಂಟೆ ಬೇಕು. ಹುಟ್ಟಿದಷ್ಟೇ ದ್ರವ ಅಂಚಿನಲ್ಲಿರುವ ಜರಡಿಯಂಥ ಜಾಲದ ಮೂಲಕ ಸೋರಿ ಸಣ್ಣ ರಕ್ತನಾಳಗಳನ್ನು ಸೇರಬೇಕು. ಜರಡಿ ಕಟ್ಟಿಕೊಂಡರೆ ಒಳಗೆ ಒತ್ತಡ ಏರುತ್ತದೆ. ಸಾಮಾನ್ಯ ಅಳತೆ 10ರಿಂದ 21 ಮಿಲಿಮೀಟರ್ ಪಾದರಸ. ಬಿಪಿ ಏರಿದ ಮಾತ್ರಕ್ಕೆ ಕಣ್ಣಿನದೂ ಏರಿದೆ ಅಂತಲ್ಲ, ಆ ಲೆಕ್ಕವೇ ಬೇರೆ.

ಈ ಒತ್ತಡ ಏರಿದರೂ ಬಹಳ ಜನಕ್ಕೆ ಗೊತ್ತೇ ಆಗುವುದಿಲ್ಲ. ಉರಿಯಿಲ್ಲ, ನೋವಿಲ್ಲ. ಕೆಲವರಲ್ಲಿ ದೃಷ್ಟಿನರ ಮೆಲ್ಲಗೆ ಸಾಯುತ್ತಾ ಹೋಗುತ್ತದೆ, ಅದೇ ಗ್ಲಾಕೋಮಾ. ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ಲ್ಯಾಪ್‌ಟಾಪ್ ನೋಡಿ ಕಣ್ಣು ಉರಿಯುವುದು ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಗೋಳು ಜಾಸ್ತಿ, ಒಳಗಿನ ಪ್ರೆಶರ್ ಮಾಮೂಲಿಯಾಗಿಯೇ ಇರಬಹುದು. ರೆಪ್ಪೆ ಬಡಿಯುವುದು ಮರೆತು ಕಣ್ಣು ಒಣಗಿರುತ್ತದೆ, ಅಷ್ಟೆ.

ಆಸ್ಟಿಯೋಪತಿಯ ವಿಷಯ ಚುಟುಕಾಗಿ. ಗ್ರೀಕಿನಲ್ಲಿ ಆಸ್ಟಿಯಾನ್ ಅಂದರೆ ಎಲುಬು, ಪೇಥೋಸ್ ಅಂದರೆ ನೋವು. ಅಮೆರಿಕದ ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬ ವೈದ್ಯ 1874ರಲ್ಲಿ ಇದನ್ನು ಸಾರಿದ. 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಶಾಲೆ ತೆರೆದ. ಮೂಳೆ, ಸ್ನಾಯು, ಕೀಲುಗಳನ್ನು ಕೈಯಿಂದ ಒತ್ತಿ, ಎಳೆದು, ಸರಿಸಿ ಮಾಡುವ ಚಿಕಿತ್ಸೆ ಇದು. ಇದು ಆರ್ಥೋ ಡಾಕ್ಟರ ಕೆಲಸ ಅಲ್ಲ, ಪುತ್ತೂರು ಕಟ್ಟೂ ಅಲ್ಲ. ಅಮೆರಿಕದಲ್ಲಿ ಇದನ್ನು ಓದಿದವರು ಔಷಧ ಬರೆದು ಆಪರೇಷನ್ ಮಾಡುವ ಪೂರ್ಣ ವೈದ್ಯರು. ಬ್ರಿಟನ್ನಿನಲ್ಲಿ ಕೈಚಿಕಿತ್ಸೆಯವರು ಮಾತ್ರ. ಫಾರ್ವರ್ಡ್‌ನಲ್ಲಿ ‘ಅಮೆರಿಕದ ಡಾಕ್ಟರು ಹೇಳಿದ್ದಾರೆ’ ಅಂತ ಇದ್ದರೆ ಈ ವ್ಯತ್ಯಾಸ ನೆನಪಿರಲಿ.

ಕುತ್ತಿಗೆಗೂ ಕಣ್ಣಿಗೂ ಸಂಬಂಧವೇ ಇಲ್ಲವಾ? ಇದೆ, ಅದಕ್ಕೇ ಈ ಸುದ್ದಿ ಸಾಯುವುದಿಲ್ಲ. ಕಣ್ಣಿನಿಂದ ಹೊರಬಂದ ದ್ರವ ಕೊನೆಗೆ ರಕ್ತನಾಳಕ್ಕೇ ಸೇರಬೇಕು, ಆ ರಕ್ತ ಕುತ್ತಿಗೆಯ ಮೂಲಕವೇ ಇಳಿಯಬೇಕು. ಕೆಳಗೆ ತಡೆಯಾದರೆ ಮೇಲೆ ಏರುತ್ತದೆ. ಟೈ ಬಿಗಿಯಾಗಿ ಕಟ್ಟಿದವರಲ್ಲಿ ಕಣ್ಣಿನ ಒತ್ತಡ ಏರುವುದನ್ನು 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತ್ತು. ಉಸಿರು ಬಿಗಿಹಿಡಿದರೂ ಏರುತ್ತದೆ. ಚೆನ್ನೈನ ಶಂಕರ ನೇತ್ರಾಲಯದವರು 2006ರಲ್ಲಿ 75 ಯೋಗಾಭ್ಯಾಸಿಗಳನ್ನು ಪರೀಕ್ಷಿಸಿದಾಗ ಶೀರ್ಷಾಸನದಲ್ಲಿ ಒತ್ತಡ ಸುಮಾರು ಎರಡು ಪಟ್ಟಾಗಿತ್ತು. ಇದನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ ನೋಡಿ.

ಹಾಗಾದರೆ ಕುತ್ತಿಗೆ ಸಡಿಲಿಸಿದರೆ ಇಳಿಯಬೇಕಲ್ವಾ? ಸ್ವಲ್ಪ ಹೊತ್ತು ಒಂದೆರಡು ಅಂಕ ಇಳಿದರೆ ಅಚ್ಚರಿಯಿಲ್ಲ. ಆಸ್ಟಿಯೋಪತಿ ಮತ್ತು ಕಣ್ಣಿನ ಒತ್ತಡದ ಬಗ್ಗೆ ನಡೆದ ಪರೀಕ್ಷೆಗಳು ಸಣ್ಣವು, ನೋಡಿದ್ದು ಸ್ವಲ್ಪ ಕಾಲದ ಬದಲಾವಣೆಯನ್ನು. ಇಲ್ಲೊಂದು ತಮಾಷೆಯ ತೊಡಕೂ ಇದೆ. ಕಣ್ಣಿನ ಒತ್ತಡ ಅಳೆಯುವುದೂ ಒತ್ತಿಯೇ! ಯಂತ್ರಗಳು ಬರುವ ಮುಂಚೆ ಡಾಕ್ಟರು ರೆಪ್ಪೆಯ ಮೇಲಿಂದ ಬೆರಳಲ್ಲಿ ಒತ್ತಿ, ಗುಡ್ಡೆ ಗಟ್ಟಿಯಾಗಿದೆಯಾ ಅಂತ ನೋಡುತ್ತಿದ್ದರು. ಈಗಿನ ಗೋಲ್ಡ್‌ಮನ್ ಉಪಕರಣವೂ ಮರಗಟ್ಟಿಸುವ ಹನಿ ಹಾಕಿದ ಮೇಲೆ ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರವನ್ನು, 3.06 ಮಿಲಿಮೀಟರ್ ಅಗಲಕ್ಕೆ ಚಪ್ಪಟೆ ಮಾಡುತ್ತದೆ. ಹೀಗೆ ಮತ್ತೆ ಮತ್ತೆ ಒತ್ತಿದರೆ ಒಂದಿಷ್ಟು ದ್ರವ ಹೊರಗೆ ಹೋಗಿ, ಎರಡನೇ ಅಳತೆ ತಾನಾಗಿಯೇ ಕಡಿಮೆ ಬರಬಹುದು. ಚಿಕಿತ್ಸೆಗೆ ಮುಂಚೆ 19 ಇತ್ತು, ಆಮೇಲೆ 17 ಅಂದರೆ ಇಳಿಸಿದ್ದು ಕೈಯೋ ಯಂತ್ರವೋ?

ಸಾಲದ್ದಕ್ಕೆ ಬೆಳಿಗ್ಗೆಯಿಂದ ರಾತ್ರಿಯೊಳಗೆ ಆರೋಗ್ಯವಂತರ ಕಣ್ಣಲ್ಲೇ ಮೂರರಿಂದ ಆರು ಅಂಕ ಏರಿಳಿಯುತ್ತದೆ. ಮಲಗಿದರೆ ಏರುತ್ತದೆ, ಎದ್ದು ಕೂತರೆ ಇಳಿಯುತ್ತದೆ. ಕೈಚಿಕಿತ್ಸೆ ಮಾಡುವುದು ಮಲಗಿಸಿಯೇ ಅಲ್ವಾ? ಹಾಗಾಗಿ ಇನ್ನೊಂದು ಗುಂಪನ್ನು ಅಷ್ಟೇ ಹೊತ್ತು ಮಲಗಿಸಿ, ಸುಮ್ನೆ ಕೈಯಿಟ್ಟು, ಅಷ್ಟೇ ಸಲ ಅಳೆಯದೆ ‘ಇಳಿಯಿತು’ ಅನ್ನುವುದರಲ್ಲಿ ಅರ್ಥವಿಲ್ಲ.

ಚಿಕ್ಕಮ್ಮನ ಡ್ರಾಪ್ಸ್ ಇಳಿಸುವುದು ಒಂದು ಮಧ್ಯಾಹ್ನದ ಒತ್ತಡವನ್ನಲ್ಲ, ದಿನವಿಡೀ ಇರುವುದನ್ನು. ಅಮೆರಿಕದಲ್ಲಿ ಕಣ್ಣಿನ ಒತ್ತಡ ಜಾಸ್ತಿ ಇದ್ದ 1,636 ಜನರ ಮೇಲೆ ನಡೆದ ದೊಡ್ಡ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಹನಿ ಹಾಕಿ ಒತ್ತಡವನ್ನು ಸುಮಾರು ಶೇ. 20ರಷ್ಟು ಇಳಿಸಿದವರಲ್ಲಿ ಐದು ವರ್ಷದಲ್ಲಿ ಗ್ಲಾಕೋಮಾ ಬಂದದ್ದು ಶೇ. 4.4 ಜನಕ್ಕೆ. ಹಾಕದವರಲ್ಲಿ ಶೇ. 9.5. ಕುತ್ತಿಗೆ ಒತ್ತುವವರ ಬಳಿ ಇಂಥ ಲೆಕ್ಕ ಇಲ್ಲ.

ಪದಕ್ಕೆ ಮರಳುವುದಾದರೆ, ಹುಡುಗನ ತೊಂದರೆಗೆ ‘ಕಣ್ಣಿನ ಆಯಾಸ’ ಅನ್ನಿ, ‘ಕಣ್ಣು ಸೋತಿದೆ’ ಅನ್ನಿ, ಎರಡೂ ಚೆಂದವಾಗಿವೆ. ಡಾಕ್ಟರು ಅಳೆಯುವುದಕ್ಕೆ ‘ಕಣ್ಣೊಳಗಿನ ಒತ್ತಡ’. ಆ ‘ಒಳಗಿನ’ ಸೇರಿಸಿದರೆ ಅರ್ಧ ಗೊಂದಲ ಹೋಗುತ್ತದೆ. ಇನ್ನು ಗ್ಲಾಕೋಮಾವನ್ನು ‘ಗ್ಲುಕೋಮಾ’ ಮಾಡಿ ಸಕ್ಕರೆ ಕಾಯಿಲೆಯ ನೆಂಟಸ್ತನ ಹಚ್ಚಬೇಡಿ. ಅದು ಗ್ರೀಕಿನ ‘ಗ್ಲಾಕೋಸ್’ನಿಂದ ಬಂದದ್ದು, ನೀಲಿ ಹಸಿರು ಬೂದು ಬೆರೆತ ಒಂದು ಬಣ್ಣ. ಗ್ಲೂಕೋಸ್‌ನ ಮೂಲ ‘ಸಿಹಿ’ ಎಂಬ ಬೇರೆಯೇ ಪದ.

ಇಷ್ಟನ್ನೂ ಗುಂಪಿನಲ್ಲಿ ಹಾಕಲಿಲ್ಲ, ಯಾರೂ ಓದುವುದಿಲ್ಲ. ಚಿಕ್ಕಮ್ಮನಿಗೆ ಫೋನ್ ಮಾಡಿ ಡ್ರಾಪ್ಸ್ ನಿಲ್ಲಿಸಬೇಡಿ ಅಂದೆ. ‘ಸರಿ, ಕುತ್ತಿಗೆ ನೋವಿಗಾದ್ರೂ ಹೋಗ್ಬಹುದಾ?’ ಅಂದ್ರು. ಹೋಗಬಹುದು, ಆದರೆ ಕುತ್ತಿಗೆಯನ್ನು ಫಟ್ ಅಂತ ತಿರುಗಿಸೋದು ಬೇಡ ಅಂತ ಮೊದಲೇ ಹೇಳಿ, ಗ್ಲಾಕೋಮಾ ಇರೋದನ್ನೂ ತಿಳಿಸಿ ಅಂದೆ.