ಕೆಲಸ ಮುಗಿದ ಔಷಧವನ್ನು ಹಿಡಿದು ಹೊರಹಾಕುವ ಸಕ್ಕರೆಯ ಅಣು

ದೊಡ್ಡ ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡುವಾಗ ಸಾಮಾನ್ಯವಾಗಿ ಮೂರು ಬಗೆಯ ಔಷಧಗಳು ಒಟ್ಟಿಗೆ ದುಡಿಯುತ್ತವೆ: ಎಚ್ಚರ ತಪ್ಪಿಸುವುದು ಒಂದು, ನೋವು ತಡೆಯುವುದು ಇನ್ನೊಂದು, ಸ್ನಾಯುಗಳನ್ನು ಸಡಿಲಿಸುವುದು ಮತ್ತೊಂದು. ಗಂಟಲಿನ ಮೂಲಕ ಶ್ವಾಸನಾಳಕ್ಕೆ ಟ್ಯೂಬ್ ಇಳಿಸುವುದಕ್ಕೂ, ಲ್ಯಾಪರೊಸ್ಕೋಪಿಯಲ್ಲಿ ಹೊಟ್ಟೆಯೊಳಗೆ ಅನಿಲ ತುಂಬಿ ಜಾಗ ಮಾಡಿಕೊಳ್ಳುವುದಕ್ಕೂ ಈ ಮೂರನೆಯದು ಬೇಕು. ಆದರೆ ಅದು ಉಸಿರಾಟದ ಸ್ನಾಯುಗಳನ್ನೂ ಬಿಡುವುದಿಲ್ಲ. ಆದ್ದರಿಂದ ಶಸ್ತ್ರಚಿಕಿತ್ಸೆ ನಡೆಯುವಷ್ಟು ಹೊತ್ತು ರೋಗಿಯ ಉಸಿರನ್ನು ವೆಂಟಿಲೇಟರ್ ನಡೆಸುತ್ತದೆ. ಮುಗಿದ ಮೇಲೆ ಆ ಉಸಿರನ್ನು ಮರಳಿ ರೋಗಿಗೆ ಒಪ್ಪಿಸುವ ಹೊಣೆ ಅರಿವಳಿಕೆ ತಜ್ಞರದು. ಆ ಕೆಲಸಕ್ಕೆ ನೆರವಾಗುವ ಸುಗಾಮಡೆಕ್ಸ್ ಎಂಬ ಅಣುವಿನ ಕಥೆ ಇದು.

ಸ್ನಾಯು ಸಡಿಲಿಸುವ ಔಷಧಗಳ ಮೂಲ ದಕ್ಷಿಣ ಅಮೆರಿಕದ ಮೂಲನಿವಾಸಿಗಳು ಬಾಣದ ತುದಿಗೆ ಹಚ್ಚುತ್ತಿದ್ದ ಕ್ಯುರಾರೆ ಎಂಬ ಸಸ್ಯವಿಷದಲ್ಲಿದೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ಹೆರಾಲ್ಡ್ ಗ್ರಿಫಿತ್ ಮತ್ತು ಎನಿಡ್ ಜಾನ್ಸನ್ 1942ರಲ್ಲಿ ಅದನ್ನು ಶುದ್ಧೀಕರಿಸಿದ ರೂಪದಲ್ಲಿ ಶಸ್ತ್ರಚಿಕಿತ್ಸೆಯ ಮೇಜಿಗೆ ತಂದರು. ಇಂದು ಹೆಚ್ಚು ಬಳಕೆಯಲ್ಲಿರುವ ರೊಕ್ಯುರೋನಿಯಂ ಪ್ರಯೋಗಾಲಯದಲ್ಲಿ ಕಟ್ಟಿದ ಸ್ಟೆರಾಯ್ಡ್ ಚೌಕಟ್ಟಿನ ಅಣುವಾದರೂ ಅದರ ಕೆಲಸದ ರೀತಿ ಕ್ಯುರಾರೆಯದೇ. ನರದ ತುದಿಯಿಂದ ಹೊರಡುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಸ್ನಾಯುವಿನ ಮೇಲಿರುವ ಗ್ರಾಹಿಗಳನ್ನು ಮುಟ್ಟಿದಾಗ ಸ್ನಾಯು ಬಿಗಿಯುತ್ತದೆ. ರೊಕ್ಯುರೋನಿಯಂ ಆ ಗ್ರಾಹಿಗಳಲ್ಲಿ ಮೊದಲೇ ಹೋಗಿ ಕುಳಿತುಬಿಡುವುದರಿಂದ ನರ ಕಳಿಸಿದ ಸಂದೇಶ ಸ್ನಾಯುವಿಗೆ ತಲುಪುವುದಿಲ್ಲ.

ಅದನ್ನು ಅಲ್ಲಿಂದ ಎಬ್ಬಿಸಲು ದಶಕಗಳ ಕಾಲ ನಮಗಿದ್ದದ್ದು ನಿಯೋಸ್ಟಿಗ್ಮಿನ್ ಎಂಬ ಸುತ್ತುದಾರಿ. ಅಸಿಟೈಲ್‌ಕೋಲಿನನ್ನು ಒಡೆಯುವ ಕಿಣ್ವವನ್ನು ಅದು ತಡೆಯುತ್ತದೆ. ಹೀಗೆ ಹೆಚ್ಚಾದ ಅಸಿಟೈಲ್‌ಕೋಲಿನ್ ಗ್ರಾಹಿಗಳಿಗಾಗಿ ರೊಕ್ಯುರೋನಿಯಂ ಜೊತೆ ಪೈಪೋಟಿ ನಡೆಸುತ್ತದೆ. ತೊಡಕು ಏನೆಂದರೆ ಅಸಿಟೈಲ್‌ಕೋಲಿನ್ ಸ್ನಾಯುವಿನ ಬಳಿ ಮಾತ್ರ ಹೆಚ್ಚುವುದಿಲ್ಲ. ಹೃದಯದ ಬಡಿತ ನಿಧಾನವಾಗುತ್ತದೆ, ಬಾಯಲ್ಲಿ ಜೊಲ್ಲು ಹೆಚ್ಚುತ್ತದೆ. ಅದನ್ನು ತಡೆಯಲು ಅಟ್ರೋಪಿನ್ ಅಥವಾ ಗ್ಲೈಕೋಪೈರೊಲೇಟ್ ಕೂಡ ಕೊಡಬೇಕು. ಸಡಿಲಿಕೆ ಗಾಢವಾಗಿದ್ದರೆ ಈ ಪೈಪೋಟಿ ಸಾಕಾಗುವುದೂ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ರೊಕ್ಯುರೋನಿಯಂ ಇನ್ನೂ ದೇಹದಲ್ಲಿಯೇ ಇರುತ್ತದೆ.

ಬೇರೆ ದಾರಿ ತೋರಿದ್ದು ಸ್ಕಾಟ್ಲೆಂಡಿನ ನ್ಯೂಹೌಸ್‌ನಲ್ಲಿದ್ದ ಆರ್ಗನಾನ್ ಸಂಸ್ಥೆಯ ಪ್ರಯೋಗಾಲಯ. ಸ್ಟೆರಾಯ್ಡ್ ಸಂಯುಕ್ತಗಳನ್ನು ನೀರಿನಲ್ಲಿ ಕರಗಿಸಲು ನೆರವಾಗುವ ವಸ್ತುಗಳನ್ನು ಪರೀಕ್ಷಿಸುವಾಗ ಅಲ್ಲಿನ ಆಂಟನ್ ಬಾಮ್ ಅವರ ಗಮನ ಸೈಕ್ಲೋಡೆಕ್ಸ್‌ಟ್ರಿನ್‌ಗಳತ್ತ ಹರಿಯಿತು. 1891ರಿಂದಲೇ ರಸಾಯನಶಾಸ್ತ್ರಕ್ಕೆ ಪರಿಚಿತವಾಗಿರುವ ಇವು ಪಿಷ್ಟದಿಂದ ಸಿಗುವ, ಗ್ಲುಕೋಸ್ ಘಟಕಗಳು ವೃತ್ತವಾಗಿ ಕೂಡಿಕೊಂಡ ಅಣುಗಳು. ಆಕಾರದಲ್ಲಿ ತಳವಿಲ್ಲದ ಲೋಟದಂತಿರುವ ಇವುಗಳ ಹೊರಮೈ ನೀರಿಗೆ ಒಲಿಯುತ್ತದೆ, ಒಳಮೈ ನೀರನ್ನು ದೂರವಿಟ್ಟು ಎಣ್ಣೆಯಂಥ ಅಣುಗಳಿಗೆ ಎಡೆಮಾಡಿಕೊಡುತ್ತದೆ. ಕರಗಿಸುವುದಕ್ಕೆಂದು ತಂದ ಈ ಅಣು ರೊಕ್ಯುರೋನಿಯಂ ಅನ್ನು ಒಳಗೆ ಹಿಡಿದಿಡುವುದಾದರೆ, ಅದನ್ನೇ ರಕ್ತಕ್ಕೆ ಬಿಟ್ಟು ಸಡಿಲಿಕೆಯನ್ನು ಏಕೆ ಹಿಂತೆಗೆಯಬಾರದು? ಬಾಮ್ ಅವರ ಈ ಪ್ರಶ್ನೆಯೇ ಇಡೀ ಸಂಶೋಧನೆಯ ತಿರುಳು ಎಂದು ನನಗೆ ಅನಿಸುತ್ತದೆ.

ಉಳಿದದ್ದು ಅಳತೆಯ ಕೆಲಸ, ಅದರಲ್ಲಿಯೇ ರಸಾಯನಶಾಸ್ತ್ರಜ್ಞರ ಕೈಚಳಕವೂ ಕಾಣುತ್ತದೆ. ಆರು ಅಥವಾ ಏಳು ಗ್ಲುಕೋಸ್‌ಗಳ ಅಣುಗಳು ಸ್ಟೆರಾಯ್ಡಿನ ಚೌಕಟ್ಟಿಗೆ ಇಕ್ಕಟ್ಟು. ಎಂಟು ಗ್ಲುಕೋಸ್‌ಗಳ ಗಾಮಾ ಸೈಕ್ಲೋಡೆಕ್ಸ್‌ಟ್ರಿನ್ ಅಗಲಕ್ಕೆ ಸರಿಹೊಂದಿತು. ಆದರೆ ಅದರ ಆಳ ಸುಮಾರು 0.79 ನ್ಯಾನೊಮೀಟರ್ ಮಾತ್ರ ಇದ್ದು, ರೊಕ್ಯುರೋನಿಯಂ ಪೂರ್ತಿ ಒಳಸೇರುತ್ತಿರಲಿಲ್ಲ. ಆಗ ಅಂಚಿನ ಪ್ರತಿಯೊಂದು ಗ್ಲುಕೋಸಿಗೂ ಗಂಧಕದ ಪರಮಾಣುವಿನ ಮೂಲಕ ಒಂದೊಂದು ಸಣ್ಣ ಸರಪಣಿಯನ್ನು ಜೋಡಿಸಿ ಆಳವನ್ನು ಸುಮಾರು 1.1 ನ್ಯಾನೊಮೀಟರಿಗೆ ಹೆಚ್ಚಿಸಿದರು. ಪ್ರತಿ ಸರಪಣಿಯ ತುದಿಯಲ್ಲಿಯೂ ಋಣ ವಿದ್ಯುದಂಶವಿದೆ. ಈ ಎಂಟು ಋಣ ತುದಿಗಳು ಒಂದನ್ನೊಂದು ದೂರ ತಳ್ಳುತ್ತ ಬಾಯಿ ಮುಚ್ಚದಂತೆ ಕಾಯುತ್ತವೆ. ರೊಕ್ಯುರೋನಿಯಂ ಒಳಬಂದೊಡನೆ ಅದರಲ್ಲಿರುವ ಧನ ವಿದ್ಯುದಂಶದ ಸಾರಜನಕವನ್ನು ಸೆಳೆದು ಹಿಡಿಯುತ್ತವೆ. ಒಂದೇ ಜೋಡಣೆ ಎರಡು ಕೆಲಸಕ್ಕೂ ಒದಗುವ ಈ ವಿನ್ಯಾಸವನ್ನು ನಾನು ಎಷ್ಟು ಮೆಚ್ಚಿದರೂ ಕಡಿಮೆಯೇ. ಹೀಗೆ ರೂಪುಗೊಂಡ ಸುಗಾಮಡೆಕ್ಸ್‌ನ ವಿವರಗಳು 2002ರಲ್ಲಿ ಪ್ರಕಟವಾದವು.

ಸುಗಾಮಡೆಕ್ಸ್ ಸ್ನಾಯುವನ್ನಾಗಲೀ ನರವನ್ನಾಗಲೀ ಮುಟ್ಟುವುದಿಲ್ಲ. ರಕ್ತದಲ್ಲಿ ಎದುರಾದ ರೊಕ್ಯುರೋನಿಯಂ ಅಣುಗಳನ್ನು ಒಂದಕ್ಕೊಂದರಂತೆ ಹಿಡಿದುಬಿಡುತ್ತದೆ. ರಕ್ತದಲ್ಲಿ ಬಿಡಿಯಾಗಿರುವ ಔಷಧದ ಸಾಂದ್ರತೆ ಕುಸಿದಾಗ, ಗ್ರಾಹಿಗಳ ಬಳಿ ಇದ್ದದ್ದು ತಾನಾಗಿಯೇ ರಕ್ತಕ್ಕೆ ಹರಿದುಬಂದು ಅದೂ ಸಿಕ್ಕಿಬೀಳುತ್ತದೆ. ಜೋಡಿಯಾದ ಅಣುಗಳನ್ನು ಮೂತ್ರಪಿಂಡಗಳು ಹೊರಹಾಕುತ್ತವೆ.

ಇದರ ಫಲವನ್ನು ರೋಗಿಯ ಹೆಬ್ಬೆರಳಿನಲ್ಲಿ ನೋಡಬಹುದು. ಮಣಿಕಟ್ಟಿನ ಬಳಿಯ ನರಕ್ಕೆ ಅರ್ಧ ಸೆಕೆಂಡಿಗೊಂದರಂತೆ ನಾಲ್ಕು ಸಣ್ಣ ವಿದ್ಯುತ್ ಮಿಡಿತಗಳನ್ನು ಕೊಟ್ಟಾಗ, ಸಡಿಲಿಕೆ ಉಳಿದಿದ್ದರೆ ಹೆಬ್ಬೆರಳಿನ ಸೆಳೆತ ಒಂದರಿಂದ ನಾಲ್ಕಕ್ಕೆ ಬರುವಷ್ಟರಲ್ಲಿ ಸೊರಗುತ್ತದೆ. ನಾಲ್ಕನೆಯದು ಮೊದಲನೆಯದರ ಶೇ. 90ರಷ್ಟಾದರೂ ಬಲವಾಗಿದ್ದರೆ ಟ್ಯೂಬ್ ತೆಗೆಯಬಹುದೆಂಬುದು ಒಪ್ಪಿತ ಮಾನದಂಡ. ಗಾಢ ಸಡಿಲಿಕೆಯಿಂದ ಈ ಮಟ್ಟಕ್ಕೆ ಬರಲು ನಿಯೋಸ್ಟಿಗ್ಮಿನ್‌ಗೆ ಸುಮಾರು 50 ನಿಮಿಷ ಹಿಡಿದ ಪ್ರಯೋಗದಲ್ಲಿ ಸುಗಾಮಡೆಕ್ಸ್‌ಗೆ ಸಾಕಾದದ್ದು ಸುಮಾರು 3 ನಿಮಿಷ. ಸಡಿಲಿಕೆ ಅಲ್ಪಸ್ವಲ್ಪ ಉಳಿದ ರೋಗಿಗೆ ನುಂಗುವುದು, ಕೆಮ್ಮುವುದು, ಉಸಿರಿನ ದಾರಿಯನ್ನು ತೆರೆದಿಟ್ಟುಕೊಳ್ಳುವುದು ಕಷ್ಟವಾಗುತ್ತದೆ ಎಂಬುದನ್ನು ನೆನೆದರೆ ಈ ನಿಮಿಷಗಳ ಬೆಲೆ ತಿಳಿಯುತ್ತದೆ.

ಯುರೋಪಿನಲ್ಲಿ 2008ರಲ್ಲಿಯೇ ಒಪ್ಪಿಗೆ ಪಡೆದ ಈ ಔಷಧಕ್ಕೆ ಅಮೆರಿಕದ ನಿಯಂತ್ರಕರು, ಮುಖ್ಯವಾಗಿ ಅಲರ್ಜಿಯ ಆತಂಕದಿಂದ, 2015ರ ಕೊನೆಯವರೆಗೂ ಒಪ್ಪಿಗೆ ಕೊಡಲಿಲ್ಲ. ಆ ಎಚ್ಚರಿಕೆಗೆ ಕಾರಣವಿತ್ತು: ಅಪರೂಪಕ್ಕೆ ತೀವ್ರ ಅಲರ್ಜಿಯೂ, ಹೃದಯ ಬಡಿತ ಇಳಿಯುವುದೂ ವರದಿಯಾಗಿವೆ. ಗರ್ಭನಿರೋಧಕಗಳಲ್ಲಿರುವ ಸ್ಟೆರಾಯ್ಡ್ ಹಾರ್ಮೋನನ್ನೂ ಇದು ಸ್ವಲ್ಪ ಮಟ್ಟಿಗೆ ಹಿಡಿಯಬಲ್ಲದಾದ್ದರಿಂದ ಮುಂದಿನ ಏಳು ದಿನ ಬೇರೆ ಹಾರ್ಮೋನುರಹಿತ ವಿಧಾನವನ್ನೂ ಬಳಸಬೇಕೆಂಬ ಸೂಚನೆಯಿದೆ. ಇದನ್ನು ರೋಗಿಗೆ ತಪ್ಪದೆ ಹೇಳಬೇಕು. ಮೂತ್ರಪಿಂಡಗಳು ತೀವ್ರವಾಗಿ ಸೋತವರಲ್ಲಿ ಬಳಸುವಂತೆ ಶಿಫಾರಸು ಇಲ್ಲ. ನಿಯೋಸ್ಟಿಗ್ಮಿನ್‌ಗಿಂತ ಬಹಳ ದುಬಾರಿ ಎಂಬುದೂ ಸಣ್ಣ ಮಾತಲ್ಲ.

ಇನ್ನೊಂದು ಮಿತಿ ಆ ವಿನ್ಯಾಸದಿಂದಲೇ ಬಂದದ್ದು. ರೊಕ್ಯುರೋನಿಯಂ ಮತ್ತು ಅದರ ಹತ್ತಿರದ ಸಂಬಂಧಿ ವೆಕ್ಯುರೋನಿಯಂಗೆ ಒಗ್ಗುವ ಈ ಅಳತೆಯೊಳಗೆ ಸ್ನಾಯು ಸಡಿಲಿಸುವ ಅಟ್ರಾಕ್ಯುರಿಯಂ ಗುಂಪಿನ ಔಷಧಗಳು ಕೂರುವುದಿಲ್ಲ. ಅವನ್ನೂ ಹಿಡಿಯಬಲ್ಲ ಕ್ಯಾಲಬೇಡಿಯಾನ್ ಎಂಬ ಅಣುಗಳನ್ನು ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಲೈಲ್ ಐಸಾಕ್ಸ್ ಅವರ ತಂಡ ಸಿದ್ಧಪಡಿಸಿದೆ. ಪೂರ್ಣ ಉಂಗುರವಾಗದೆ ಒಂದು ಕಡೆ ತೆರೆದುಕೊಂಡಿರುವ ಇವು ಒಳಬರುವ ಅಣುವಿಗೆ ತಕ್ಕಂತೆ ಸ್ವಲ್ಪ ಬಾಗಬಲ್ಲವು; ಇಲಿಗಳಲ್ಲಿ ರೊಕ್ಯುರೋನಿಯಂ ಮತ್ತು ಅಟ್ರಾಕ್ಯುರಿಯಂ ಗುಂಪಿನ ಸಿಸ್‌ಅಟ್ರಾಕ್ಯುರಿಯಂ ಎರಡರ ಸಡಿಲಿಕೆಯನ್ನೂ ಹಿಂತೆಗೆದಿವೆ.