ಕಿವಿಗೆ ಸಿಗದ ವೆಬ್ ಪುಟಗಳು: ಬೀಗ ಬಿದ್ದದ್ದು ಯಾವಾಗ?

ಮಾಟುಂಗಾದಿಂದ ಡೊಂಬಿವಲಿವರೆಗೆ ಯಾವ ಕನ್ನಡ ಸಂಘದ ಆಮಂತ್ರಣವಾದರೂ ಈಗ ಬರುವುದು ಚಿತ್ರವಾಗಿಯೇ. ಹೂವಿನ ಅಂಚು, ಅತಿಥಿಗಳ ಫೋಟೊ, ನಡುವೆ ಬಣ್ಣದ ಅಕ್ಷರ. ಅದೇ ಚಿತ್ರ ವೆಬ್‌ಸೈಟಿಗೂ ಏರುತ್ತದೆ. ಕಣ್ಣು ಕಾಣದ ಸದಸ್ಯರಿಗೆ ತೆರೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ, ಸ್ಕ್ರೀನ್ ರೀಡರ್, ಎಷ್ಟೋ ಸಲ ‘ಇಮೇಜ್’ ಎಂದಷ್ಟೇ ಉಸುರಿ ಮುಂದೆ ಹೋಗುತ್ತದೆ.

ವೆಬ್ ಹುಟ್ಟಿದಾಗ ಹೀಗಿರಲಿಲ್ಲ. ಮೊದಮೊದಲ ಪುಟಗಳಲ್ಲಿ ಇದ್ದದ್ದು ಶೀರ್ಷಿಕೆ, ಪ್ಯಾರಾ, ಲಿಂಕ್, ಅಷ್ಟೇ. ಯಂತ್ರ ಅದನ್ನು ಸಲೀಸಾಗಿ ಓದಿ ಹೇಳುತ್ತಿತ್ತು. ಪುಣೆಯ ಟಿ. ವಿ. ರಾಮನ್ ಹದಿಹರೆಯದಲ್ಲೇ ದೃಷ್ಟಿ ಕಳೆದುಕೊಂಡವರು. ಪುಣೆ ವಿಶ್ವವಿದ್ಯಾಲಯ, ಮುಂಬಯಿ ಐಐಟಿ ದಾಟಿ ಕಾರ್ನೆಲ್‌ಗೆ ಹೋದ ಅವರು 1994ರಲ್ಲಿ ಪಿಎಚ್.ಡಿ. ಪಡೆದದ್ದು ಗಣಿತದ ಸಮೀಕರಣಗಳನ್ನು ಧ್ವನಿಯಲ್ಲಿ ಕೇಳಿಸುವ ತಂತ್ರಾಂಶಕ್ಕೆ. ಸಮೀಕರಣವೇ ಕಿವಿಗೆ ದಕ್ಕುವುದಾದರೆ ಆಮಂತ್ರಣ ಯಾವ ಲೆಕ್ಕ!

ಬೀಗ ಬಿದ್ದದ್ದು ಆಮೇಲೆ. ಅಕ್ಷರದ ಜಾಗಕ್ಕೆ ಚಿತ್ರ ಬಂತು, ಮೌಸ್ ಇಲ್ಲದೆ ತೆರೆಯದ ಮೆನು ಬಂತು. ವೆಬ್ ಮಾನದಂಡಗಳನ್ನು ರೂಪಿಸುವ ಸಂಸ್ಥೆ ಡಬ್ಲ್ಯು3ಸಿ 1997ರಲ್ಲಿ ಇದಕ್ಕೆಂದೇ ಒಂದು ವಿಭಾಗ ತೆರೆದು, 1999ರಲ್ಲಿ ಮೊದಲ ಮಾರ್ಗಸೂಚಿ ಹೊರಡಿಸಿತು. 2008ರ ಎರಡನೇ ಆವೃತ್ತಿಯೇ ಇಂದಿಗೂ ಬುನಾದಿ, 2.2 ಬಂದದ್ದು 2023ರಲ್ಲಿ. ಚಿತ್ರಕ್ಕೆ ಬರಹದ ವಿವರಣೆ ಕೊಡಿ, ಕೀಬೋರ್ಡ್ ಒಂದರಿಂದಲೇ ಎಲ್ಲ ನಡೆಯಲಿ, ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಹೊಳಪಿನ ವ್ಯತ್ಯಾಸವಿರಲಿ ಎನ್ನುತ್ತದೆ ಅದು. ಕೈ ನಡುಗುವ ಅಜ್ಜನಿಗೂ ಪೊರೆ ಬಂದ ಕಣ್ಣಿಗೂ ಬೇಕಾದದ್ದೇ ಇವು.

ಕನ್ನಡಕ್ಕೆ ಇನ್ನೊಂದು ಬೀಗವಿತ್ತು: ಫಾಂಟು. ಎಲ್ಲ ಲಿಪಿಗಳಿಗೂ ಸಾಮಾನ್ಯವಾದ ಸಂಕೇತ ಪದ್ಧತಿ ಯೂನಿಕೋಡ್‌ನಲ್ಲಿ 1991ರಿಂದಲೇ ಕನ್ನಡ ಇದ್ದರೂ ಪತ್ರಿಕೆಗಳು, ಡಿಟಿಪಿಯವರು ಬಹುಕಾಲ ತಂತಮ್ಮ ಫಾಂಟುಗಳಿಗೇ ಅಂಟಿಕೊಂಡರು. ತೆರೆಯ ಮೇಲೆ ಕನ್ನಡ; ಒಳಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯಂತ್ರ ಓದುವುದು ಆ ಒಳಗಿನದನ್ನು. ಹಳೆಯ ಪಿಡಿಎಫ್‌ಗಳಲ್ಲಿ ಈ ಕಾಟ ಇನ್ನೂ ಇದೆ. ಮುಂಬಯಿಯಲ್ಲಿ ಮತ್ತೊಂದು ತೊಡಕು. ಮರಾಠಿ, ಹಿಂದಿಗಳ ಲಿಪಿ ಒಂದೇ ಆದ್ದರಿಂದ ಯಾವ ಧ್ವನಿಯಲ್ಲಿ ಓದಬೇಕೆಂದು ಕೋಡ್‌ನಲ್ಲಿ ಭಾಷೆಯ ಗುರುತು ಹಾಕಿ ತಿಳಿಸಬೇಕು. ಅರೆ ನಿಮಿಷದ ಕೆಲಸ, ಆದರೂ ಬಿಟ್ಟುಬಿಡುತ್ತಾರೆ.

ಕಾನೂನು ನಿಧಾನವಾಗಿ ಬಂತು. ಸರ್ಕಾರಿ ವೆಬ್‌ಸೈಟುಗಳಿಗೆ 2009ರಲ್ಲಿ ಮಾರ್ಗಸೂಚಿ, 2016ರಲ್ಲಿ ಅಂಗವಿಕಲರ ಹಕ್ಕುಗಳ ಕಾಯ್ದೆ. ಹಲ್ಲು ಮೂಡಿದ್ದು ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ. ಆ್ಯಸಿಡ್ ದಾಳಿಗೆ ಒಳಗಾದ ಅವರಿಗೆ ಬ್ಯಾಂಕಿನ ಕೆವೈಸಿ ‘ಕಣ್ಣು ಮಿಟುಕಿಸಿ’ ಎಂದಿತ್ತು. ಅದು ಅವರಿಂದ ಸಾಧ್ಯವೇ ಇರಲಿಲ್ಲ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಡಿಜಿಟಲ್ ಪ್ರವೇಶವನ್ನು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿಗೆ ಸೇರಿಸಿ, 20 ನಿರ್ದೇಶನ ಕೊಟ್ಟಿತು. ಜುಲೈ ಕೊನೆಗೆ ಮುಂಬಯಿಯಲ್ಲಿರುವ ಷೇರುಪೇಟೆ ನಿಯಂತ್ರಕ ಸೆಬಿಯೂ ತನ್ನ ಹಿಡಿತದಲ್ಲಿರುವ ಸಂಸ್ಥೆಗಳಿಗೆ ಸುತ್ತೋಲೆ ಕಳಿಸಿತು.

ಆ 20ರಲ್ಲಿ ನನಗೆ ಮುಖ್ಯವೆನಿಸುವುದು ಒಂದು: ಆ್ಯಪ್, ವೆಬ್‌ಸೈಟ್ ರೂಪಿಸುವಾಗ ಅಂಧರನ್ನೂ ಪರೀಕ್ಷೆಗೆ ಕೂರಿಸಿಕೊಳ್ಳಬೇಕು. ಚಿತ್ರಕ್ಕೆ ವಿವರಣೆ ಇದೆಯೇ ಎಂದು ತಂತ್ರಾಂಶವೇ ಹೇಳೀತು. ವಿವರಣೆಯ ಜಾಗದಲ್ಲಿ ‘ಬ್ಯಾನರ್ ಹೊಸದು ಫೈನಲ್’ ಎಂದಿದ್ದರೂ ಎಷ್ಟೋ ಸಲ ಅದು ಪಾಸು ಮಾಡಿಬಿಡುತ್ತದೆ. ಕೇಳಿಸಿಕೊಂಡು ಕೂತವರು ಮಾಡುವುದಿಲ್ಲ.